ಬಿಳಿ ಉಗುರು

ಉಗುರುಬಣ್ಣದ ವಾಸನೆ ಮೂಗಿಗೆ ಹೊಡೆಯುತ್ತಿದೆ, ಸೀಸೆಯ ಮುಚ್ಚಳ ಸಡಿಲವಾಗಿದೆ, ಯುದೆಲ್ಕಾ ನೋಡಿದ್ದರೆ ಬೈಯುತ್ತಿದ್ದಳು, ಒಣಗಿಹೋಗತ್ತೆ ಕಣೋ, ನನ್ನ ಹತ್ರ ಬಿಳಿ ಅಂತ ಇರೋದೇ ಅದೊಂದು — ಹೆಂಡತಿಯ ಸೀಸೆ, ಗಂಡನ ಉಗುರು, ಹದಿನಾಲ್ಕು ವರ್ಷದಿಂದ ಹೀಗೇ, ಬೇಸ್‌ಬಾಲ್‌ನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಚೆಂಡು ಹಿಡಿಯುವ ಕ್ಯಾಚರ್, ಯಾವ ಎಸೆತ ಬೇಕೆಂದು ತೊಡೆಸಂದಿಯಲ್ಲಿ ಬೆರಳಾಡಿಸಿ ತೋರಿಸುವ ಸನ್ನೆ ಅಷ್ಟು ದೂರದಿಂದ ಚೆಂಡೆಸೆಯುವ ಪಿಚರ್‌ಗೆ ಕಾಣಬೇಕಲ್ಲ. ತೇಯೊ ಎಡಮಂಡಿ ಒತ್ತಿಕೊಂಡ. ಯಾವ ತಂಡಕ್ಕೂ ಸೇರದ ಸ್ವತಂತ್ರ ಆಟಗಾರನಂತೆ ತಾನೀಗ, ಸುಡುಗಾಡು ಸ್ವಾತಂತ್ರ್ಯ! ನವೆಂಬರಿನಲ್ಲಿ ಒಪ್ಪಂದ ಮುಗಿದಾಗ ಹಳೆಯ ತಂಡ ಇನ್ನೊಂದು ವರ್ಷ ಇರು ಅಂದಿತ್ತು, ಏಜೆಂಟ್ ಫೋನಿನಲ್ಲಿ, ಬೇಡ ಅಂದ್ಬಿಡು ತೇಯೊ, ಸಾಲುಗಟ್ಟಿ ಬರ್ತಾರೆ ನೋಡ್ತಿರು, ಅಂದುಬಿಟ್ಟ, ಸಾಲೂ ಇಲ್ಲ ಮಣ್ಣೂ ಇಲ್ಲ, ಕ್ರಿಸ್‌ಮಸ್ ಹೋಯಿತು, ಜನವರಿಯ ಮೂರು ರಾಜರ ಹಬ್ಬ ಹೋಯಿತು, ಇನ್ನು ಹದಿನೈದು ದಿನಕ್ಕೆ ಫ್ಲಾರಿಡಾದಲ್ಲಿ ತಂಡಗಳ ತರಬೇತಿ ಶಿಬಿರ ಶುರು, ಕ್ಯಾಚರ್ ಬೇಕಾದ ತಂಡ ಉಳಿದಿರುವುದು ಒಂದೇ, ಜಾಗವೂ ಒಂದೇ, ಅದಕ್ಕೆ ಆಳು ಆರಿಸಲು ಬಂದ ದೊನ್ ಎಲಾದಿಯೊ ಅಗೋ ಬೇಲಿಯಾಚೆ ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದಾನೆ. ಇದು ತಪ್ಪಿದರೆ ಮೂವತ್ತೈದರ ಕ್ಯಾಚರ್‌ನನ್ನು ಮುಂದಿನ ವರ್ಷ ಯಾರು ಕೇಳುತ್ತಾರೆ, ಯಾರೂ ಕೇಳುವುದಿಲ್ಲ, ಭಯವಾಗುತ್ತಿದೆ.

ಅದೇ ಜಾಗಕ್ಕೆ ಬಂದ ಇನ್ನೊಬ್ಬ ಫ್ರೈಲಿನ್, ಇಪ್ಪತ್ತಾರು ವರ್ಷ, ಅವನ ಮಂಡಿ ಸದ್ದೇ ಮಾಡುವುದಿಲ್ಲ, ಆದರೆ ಮೊದಲ ಸುತ್ತಿನಲ್ಲಿ ಅವನೊಂದು ಸನ್ನೆ ಮಾಡಿದರೆ ಪಿಚರ್ ಇನ್ನೊಂದು ಎಸೆದ, ಚೆಂಡು ಬೇಲಿಗೆ ಹೋಗಿ ಬಡಿಯಿತು, ಕಾಣ್ತಾ ಇಲ್ವೋ ನಿನ್ ಬೆರಳು, ಪಿಚರ್ ರೇಗಿದ, ಒಳ್ಳೇದಾಯಿತು ಅಂದುಕೊಂಡನಲ್ಲ ತೇಯೊ, ಅಂದುಕೊಂಡ, ಸುಳ್ಳೇಕೆ — ಅಷ್ಟರಲ್ಲಿ ಫ್ರೈಲಿನ್ನೇ ಬಂದ, ಅಣ್ಣಾ, ಚೂರು ಬಣ್ಣ ಕೊಡ್ತೀಯಾ, ಮನೇಲೇ ಮರೆತು ಬಂದೆ. ಖಾಲಿಯಾಗಿದೆ ಅನ್ನಬಹುದಿತ್ತು. ಈ ಊರಿನಲ್ಲಿ ಕ್ಯಾಚರ್‌ಗೆ ಕ್ಯಾಚರ್ ಬಣ್ಣ ಇಲ್ಲ ಅಂದದ್ದುಂಟೇ, ತನಗೆ ಮೊದಲ ಸಲ ಹಚ್ಚಿದ್ದೂ ಒಬ್ಬ ಹಿರಿಯ ಕ್ಯಾಚರೇ, ಕೊಟ್ಟ, ಕೊಟ್ಟು ಸುಮ್ಮನಿರಬಾರದೇ, ಅವನು ಎಡಗೈಯಲ್ಲಿ ಬಲಗೈಗೆ ಹಚ್ಚಿಕೊಳ್ಳಲಾಗದೆ ಮೆತ್ತಿಕೊಳ್ಳುತ್ತಿದ್ದರೆ ತಡೆಯಲಾಗದೆ, ತಾರೋ ಇಲ್ಲಿ ಪೆದ್ದೇ, ಎಂದು ಆ ಕೈಯನ್ನು ತನ್ನ ನೋಯುವ ಮಂಡಿಯ ಮೇಲಿಟ್ಟುಕೊಂಡು ಒಂದೊಂದೇ ಉಗುರಿಗೆ ಹಚ್ಚಿದ, ಊದಿ ಒಣಗಿಸಿದ, ಊದಿ! ಅವನ ಒಂದು ಬೆರಳೂ ಸೊಟ್ಟಗಾಗಿಲ್ಲ, ತನ್ನವು ಮೂರು ಮುರಿದು ಕೂಡಿದವು. ಆಮೇಲೆ ಇಪ್ಪತ್ತು ಎಸೆತ, ಒಂದೂ ತಪ್ಪಲಿಲ್ಲ ಫ್ರೈಲಿನ್‌ಗೆ, ಈಗ ಕಾಣ್ತಪ್ಪಾ, ಪಿಚರ್ ಕೂಗಿದ. ತೇಯೊನ ಸರದಿಯಲ್ಲಿ ಕೂರುವಾಗಲೇ ಮಂಡಿ ಲಟಕ್ ಅಂದಿತು, ದೊನ್ ಎಲಾದಿಯೊಗೆ ಕೇಳಿಸಿತೇ, ಇಲ್ಲ, ಅಷ್ಟು ದೂರಕ್ಕೆ ಹೇಗೆ, ಆದರೆ ಹನ್ನೊಂದನೆಯ ಎಸೆತಕ್ಕೆ ಏಳುವುದು ತಡವಾದದ್ದು ಕಂಡಿರುತ್ತದೆ, ಕಣ್ಣಿದೆಯಲ್ಲ ಅವನಿಗೆ.

ಎದ್ದ, ದೊನ್ ಎಲಾದಿಯೊ ಎದ್ದ, ಫೋನು ಜೇಬಿಗೆ ಹಾಕಿದ, ಬೇಲಿಯ ಬಾಗಿಲು ತೆಗೆದು ಈ ಕಡೆಗೇ ಬರುತ್ತಿದ್ದಾನೆ, ಈ ಕಡೆಗೇ, ನಗುತ್ತಿದ್ದಾನೆ, ತೇಯೊ ಕೈಯನ್ನು ಚಡ್ಡಿಗೆ ಒರೆಸಿಕೊಂಡ, ಏನು ತೇಯೊ, ಹೆಂಡತಿ ಮಕ್ಕಳೆಲ್ಲ ಚೆನ್ನಾಗಿದ್ದಾರೇನಪ್ಪಾ, ಚೆನ್ನಾಗಿದ್ದಾರೆ ದೊನ್, ಎಂದು ಮುಗಿಸುವಷ್ಟರಲ್ಲಿ ದಾಟಿಹೋಗಿದ್ದ, ಹಿಂದೆ ನಿಂತ ಫ್ರೈಲಿನ್‌ಗೆ, ಕೊಡಪ್ಪಾ ಕೈ, ಶಿಬಿರದಲ್ಲಿ ಸಿಗೋಣ — ಆ ದಪ್ಪ ಅಂಗೈಯಾಚೆ ಐದು ಬಿಳಿ ಉಗುರು, ಎಷ್ಟು ನೀಟಾಗಿ ಹಚ್ಚಿದ್ದಾನೆ ತೇಯೊ, ಒಂದು ಹನಿಯೂ ಚರ್ಮಕ್ಕೆ ತಾಗಿಲ್ಲ, ಐದು ಬಿಳಿ ಉಗುರು, ಬಿಳಿ ಉಗುರು.