ಗೆರೆ ಬಿಟ್ಟು ಬರುವುದು

"ಆಟಕ್ಕೋಸ್ಕರ ಇನ್ಯಾವತ್ತೂ ನಿಮ್ಮನ್ನ ಕಾಯಿಸಲ್ಲ ಗ್ರೇಸಿ" ಎಂದು ಕ್ಲಾರೆನ್ಸ್ ಮಾತು ಕೊಟ್ಟದ್ದು ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ, ಮೊಣಕಾಲಿಗೆಲ್ಲ ಧೂಳು ಮೆತ್ತಿಕೊಂಡು, ಗೋಲ್‌ಕೀಪರ್ ಗ್ಲೌಸು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೆಂಡತಿಯ ಮಂಚದ ಪಕ್ಕ ನಿಂತಿದ್ದಾಗ. ಅಂದು ಅವನ ಕಂಪನಿಯ ಫುಟ್‌ಬಾಲ್ ಟೂರ್ನಮೆಂಟಿನ ಫೈನಲ್ ಇತ್ತು. ಗೆದ್ದೂ ಆಗಿತ್ತು. ಅಷ್ಟರಲ್ಲಿ ಮಗಳು ಜಾಯ್ಲಿನ್ ಹುಟ್ಟಿ, ಅತ್ತು, ಹಾಲು ಕುಡಿದು ಮಲಗಿಯೂ ಆಗಿತ್ತು. ಗ್ರೇಸ್ ಬೈಯಲಿಲ್ಲ. "ನೋಡೋಣ ಬಿಡಿ" ಎಂದಳು. ಮಗುವನ್ನು ಎತ್ತಿಕೊಳ್ಳಲು ಅವನು ಬಗ್ಗಿದಾಗ ಮಾತ್ರ, "ಮೊದಲು ಕೈ ತೊಳ್ಕೊಂಡು ಬನ್ನಿ" ಎಂದಳು.

ಆ ಮಾತನ್ನು ಅವನು ಇಪ್ಪತ್ತೊಂಬತ್ತು ವರ್ಷ ನಡೆಸಿಕೊಂಡು ಬಂದಿದ್ದ. ಮಗಳ ಮೊದಲ ಪರಮಪ್ರಸಾದಕ್ಕೆ, ಶಾಲೆಯ ನಾಟಕಗಳಿಗೆ, ಪರ್ತ್‌ಗೆ ಬಂದ ಮೇಲೆ ಅವಳ ಡ್ರೈವಿಂಗ್ ಪರೀಕ್ಷೆಗೆ, ಆಮೇಲೆ ಮದುವೆಗೆ, ಎಲ್ಲಕ್ಕೂ ಎಲ್ಲರಿಗಿಂತ ಮುಂಚೆ ಹೋಗಿ ಕೂತವನು ಅವನೇ.

ಈಗ ಜಾಯ್ಲಿನ್‌ಗೇ ಮಗು. ಗುರುವಾರ ಮಧ್ಯಾಹ್ನ, ಪರ್ತ್‌ನ ಮೋರ್ಲಿಯಲ್ಲಿ ತಾನು ಕೆಲಸ ಮಾಡುವ ಶಾಪಿಂಗ್ ಸೆಂಟರಿನ ಹಿಂಬದಿಯಲ್ಲಿ ಲಾರಿಗಳು ಸರಕು ಇಳಿಸುವ ಕಟ್ಟೆಯ ಮೇಲೆ ಕೂತು ಕ್ಲಾರೆನ್ಸ್ ಊಟದ ಡಬ್ಬಿ ಬಿಚ್ಚುತ್ತಿರುವಾಗ ಗ್ರೇಸ್ ಫೋನ್ ಮಾಡಿದಳು.

"ಶನಿವಾರ ಎಷ್ಟೊತ್ತಿಗೆ ಇಳೀತೀರಿ?"

"ಸಾಯಂಕಾಲ ಆಗತ್ತೆ."

"ಆ ನೇವಿ ಬ್ಲೂ ಸೂಟ್ ತನ್ನಿ. ಹೋದ್ಸಲದ ಹಾಗೆ ಟ್ರ್ಯಾಕ್ ಪ್ಯಾಂಟಲ್ಲಿ ಬರಬೇಡಿ. ಗಾಡ್‌ಫಾದರ್ ನೀವು."

"ಆಯ್ತು ಮಾರಾಯ್ತಿ."

"ಏನು ತಿಂತಿದೀರಿ?"

"ಚಿತ್ರಾನ್ನ."

"ನಿನ್ನೆನೂ ಅದೇ ಅಂದ್ರಿ."

"ಇದು ನಿನ್ನೇದೇ."

ಗ್ರೇಸ್ ನಕ್ಕಳು. ಹಿಂದಿನಿಂದ ಮಗು ಕಿರುಚಿತು. "ಇಡ್ತೀನಿ ರೀ" ಎಂದವಳು ಇಟ್ಟೇಬಿಟ್ಟಳು.

ಬಾಣಂತನಕ್ಕೆಂದು ಅವಳು ಬ್ರಿಸ್ಬೇನಿನ ನಾರ್ತ್ ಲೇಕ್ಸ್‌ಗೆ ಹೋದದ್ದು ಏಪ್ರಿಲ್‌ನಲ್ಲಿ. ಈಗ ಆಗಸ್ಟ್, ಅಲ್ಲಿಯ ಚಳಿಗಾಲವೂ ಮುಗಿಯುತ್ತ ಬಂದಿತ್ತು. ಮಗುವಿನ ಜ್ಞಾನಸ್ನಾನವನ್ನು ಒಮ್ಮೆ ಮುಂದೂಡಿ, ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಎಂದು ಗೊತ್ತುಮಾಡಿದ್ದರು. ಮೊದಲ ಮಗುವಿಗೆ ಗಂಡನ ಕಡೆಯ ಅಜ್ಜನೇ ಜ್ಞಾನಪಿತ, ಅಂದರೆ ಗಾಡ್‌ಫಾದರ್, ಆಗುವುದು ರೂಢಿ. ಅಳಿಯ ಜೇಸನ್‌ಗೆ ತಂದೆಯಿಲ್ಲ; ಹಾಗಾಗಿ ಮಗುವಿನ ಜ್ಞಾನಪಿತನಾಗಿ ಮೇಣದ ಬತ್ತಿ ಹಿಡಿದು ನಿಲ್ಲಬೇಕಾದವನು ಕ್ಲಾರೆನ್ಸ್. ಗ್ರೇಸ್ ಮೈಸೂರಿನಲ್ಲಿ ಹುಟ್ಟಿ ಬೆಳೆದವಳಾದ್ದರಿಂದ ಮನೆಯಲ್ಲಿ ಕೊಂಕಣಿಗಿಂತ ಕನ್ನಡವೇ ಹೆಚ್ಚು ನಡೆಯುತ್ತಿತ್ತು. ಅವಳು ಹೋದ ಮೇಲೆ ಮನೆಯಲ್ಲಿ ಯಾವ ಭಾಷೆಯೂ ಇರಲಿಲ್ಲ. ಅವನು ಸಂಜೆ ಫುಟ್‌ಬಾಲ್ ಕಲಿಸಿ ಕಾಲೇಜಿನ ಮೈದಾನದಿಂದ ಮನೆ ಮುಟ್ಟುವಷ್ಟರಲ್ಲಿ ಎರಡು ಗಂಟೆ ಮುಂದಿರುವ ಬ್ರಿಸ್ಬೇನಿನಲ್ಲಿ ಬಾಣಂತಿ, ಮಗು, ಗ್ರೇಸ್ ಎಲ್ಲ ಮಲಗಿರುತ್ತಿದ್ದರು. ಅನ್ನ ಒಂದು ಲೋಟ ಇಟ್ಟರೂ ಉಳಿಯುತ್ತಿತ್ತು.

ಹೆಣ್ಣುಮಕ್ಕಳ ಆ ಕಾಲೇಜು ತಂಡಕ್ಕೆ ಅವನು ಕೋಚ್ ಆಗಿ ನಾಲ್ಕು ವರ್ಷ. ಈ ವರ್ಷದ ಗೋಲ್‌ಕೀಪರ್ ಅದಿತಿ, ಪರ್ತ್‌ನ ವಿಲೆಟನ್ ಬಡಾವಣೆಯ ಹುಡುಗಿ, ಮೈಸೂರು ಕಡೆಯವರ ಮಗಳು. ಸೀಸನ್ನಿನ ಶುರುವಿನಲ್ಲಿ ಎತ್ತರದ ಚೆಂಡೊಂದನ್ನು ಗುದ್ದಲು ಗೋಲಿನ ಗೆರೆ ಬಿಟ್ಟು ಹಾರಿ ಬಂದವಳ ಮುಷ್ಟಿ ಚೆಂಡಿಗೆ ತಾಗದೆ, ತನ್ನದೇ ತಂಡದ ಹುಡುಗಿಯ ಮುಖಕ್ಕೆ ಬಡಿದಿತ್ತು. ಕೆನ್ನೆಯ ಮೂಳೆ ಮುರಿದು ಆ ಹುಡುಗಿ ಆಟವನ್ನೇ ಬಿಟ್ಟಳು. ಅಂದಿನಿಂದ ಅದಿತಿ ಗೆರೆಗೆ ಅಂಟಿಕೊಂಡಳು. ನೇರಕ್ಕೆ ಬಂದ ಚೆಂಡನ್ನು ಹಿಡಿಯುತ್ತಿದ್ದಳು. ಗುಂಪಿನ ತಲೆಯ ಮೇಲೆ ತೇಲಿ ಬಂದರೆ ಮಾತ್ರ ಕಾಲು ಏಳುತ್ತಿರಲಿಲ್ಲ. ಎದುರಾಳಿಗಳಿಗೆ ಇದು ಬೇಗ ತಿಳಿಯಿತು. ಎಲ್ಲ ಕಾರ್ನರ್ ಕಿಕ್ಕುಗಳೂ ಅವಳ ಮೂಗಿನ ಮುಂದೆಯೇ ಬಂದು ಬೀಳತೊಡಗಿದವು.

ಕ್ಲಾರೆನ್ಸ್ ಅವಳನ್ನು ತೆಗೆಯಲಿಲ್ಲ. "ಸೀಸನ್ ಮುಗಿಯೋ ತನಕ ಗೋಲಲ್ಲಿ ನೀನೇ" ಎಂದ. ಟ್ರೈನಿಂಗ್ ಮುಗಿದು ಉಳಿದವರು ಹೋದ ಮೇಲೆ ಎದೆಗೊಂದು ಸ್ಪಂಜಿನ ದಿಂಬು ಕಟ್ಟಿಕೊಂಡು ಅವಳ ಮುಂದೆ ತಾನೇ ನಿಲ್ಲುತ್ತಿದ್ದ. ಚೆಂಡನ್ನು ತಲೆಯ ಮೇಲಕ್ಕೆ ಎಸೆದುಕೊಂಡು, "ಬಾ, ನನ್ನ ಗುದ್ದು. ಮುದುಕನ ಮೂಳೆ, ಮುರಿದ್ರೆ ಕೇಳೋರಿಲ್ಲ" ಎನ್ನುತ್ತಿದ್ದ.

"ಐ ಕಾಂಟ್, ಅಂಕಲ್."

"ನಾಳೆ ಗುದ್ದುವಿಯಂತೆ. ಚೆಂಡು ಹೆಕ್ಕು."

ಅವನು ಕನ್ನಡದಲ್ಲಿ ಹೇಳುತ್ತಿದ್ದ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಆ ತಿಂಗಳುಗಳಲ್ಲಿ ಅವನ ಬಾಯಿಯ ಕನ್ನಡವೆಲ್ಲ ಆ ಹುಡುಗಿಯ ಮೇಲೆಯೇ ಖರ್ಚಾಗುತ್ತಿತ್ತು.

ಗುರುವಾರ ಸಂಜೆ ಟ್ರೈನಿಂಗ್ ಆದ ಮೇಲೆ ಬಾರ್ಬಿ ಎನ್ನುವ ಬಾರ್ಬೆಕ್ಯೂ ಒಲೆಯ ಮೇಲೆ ಸಾಸೇಜು, ಈರುಳ್ಳಿ ಸುಡುವುದು, ಎಲ್ಲರೂ ತಟ್ಟೆ ಹಿಡಿದು ನಿಂತಿರುವಾಗ ಕೋಚ್ ಭಾನುವಾರದ ತಂಡವನ್ನು ಓದುವುದು, ಒಂದೊಂದು ಹೆಸರಿಗೂ ಚಪ್ಪಾಳೆ: ಇದು ಅಲ್ಲಿಯ ಪದ್ಧತಿ. ಅಂದು ಕ್ಲಾರೆನ್ಸ್ ಮೊದಲು ಅದಿತಿಯ ಹೆಸರನ್ನೇ ಓದಿದ. ಒಂದಿಬ್ಬರು ಚಪ್ಪಾಳೆ ತಟ್ಟಿದರು. ಮಿಕ್ಕವರ ಕೈಯಲ್ಲಿ ಬ್ರೆಡ್ ಇತ್ತು. ಅದಿತಿ ಟೊಮೆಟೊ ಸಾಸಿನ ಬಾಟಲಿಯನ್ನು ಅಲುಗಾಡಿಸುತ್ತಲೇ ಇದ್ದಳು.

ಹುಡುಗಿಯರು ಚದುರಿದ ಮೇಲೆ ಸಹಾಯಕ ಕೋಚ್ ಕ್ರೇಗ್ ಅವನನ್ನು ಪಕ್ಕಕ್ಕೆ ಕರೆದ. ಊರಿನ ಹಳೆಯ ಆಟಗಾರ, ಪ್ಲಂಬರ್ ಕೆಲಸದವನು. ಮನಸ್ಸಿನಲ್ಲಿ ಒಂದು, ಬಾಯಲ್ಲಿ ಒಂದು ಇಟ್ಟುಕೊಳ್ಳುವವನಲ್ಲ.

"ನೀನು ಆರಾಮಾಗಿ ಬ್ರಿಸ್ಬೇನಿಗೆ ಹೋಗ್ಬಾ ಮೇಟ್. ಆದ್ರೆ ಒಂದು ಮಾತು. ಭಾನುವಾರ ಸೋತ್ರೆ ನಾವು ಕೆಳಗಿನ ಡಿವಿಷನ್ನಿಗೆ. ಅವತ್ತು ಕೋಚ್ ಜಾಗದಲ್ಲಿ ನಿಂತಿರೋನು ನಾನು. ಗೋಲಲ್ಲಿ ನಾನು ರಿಸರ್ವ್ ಕೀಪರ್ ಮೆಗನ್‌ನ ಆಡಿಸ್ತೀನಿ. ಬೆನ್ನ ಹಿಂದೆ ಮಾಡ್ದ ಅನ್ನಬೇಡ, ಮೊದಲೇ ಹೇಳ್ತಿದೀನಿ."

"ಈಗ ತಾನೇ ಎಲ್ಲರ ಮುಂದೆ ಅವಳ ಹೆಸರು ಓದಿದೀನಿ. ಅವಳಿಗೆ ಮಾತು ಕೊಟ್ಟಿದೀನಿ."

"ನೀನು ಕೊಟ್ಟಿದೀಯ. ನಾನು ಕೊಟ್ಟಿಲ್ಲ" ಎಂದ ಕ್ರೇಗ್, ಬಾರ್ಬಿಯ ಕಾವಲಿಯನ್ನು ಕೆರೆಯತೊಡಗಿದ.

ಕಾರ್ ಪಾರ್ಕಿನಲ್ಲಿ ಅದಿತಿಯ ತಾಯಿ ಇಂದುಮತಿ ಕಾಯುತ್ತಿದ್ದಳು. ಮಗಳು ಕಾರಿನೊಳಗೆ ಕೂತು ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದನ್ನು ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ, "ಅಂಕಲ್, ನಿಮಗೆ ಕೈ ಮುಗೀತೀನಿ, ಅವಳನ್ನ ಟೀಮಿಂದ ತೆಗೆದ್ಬಿಡಿ" ಎಂದಳು.

"ಅವಳು ಹೇಳಿದ್ಳಾ ತೆಗೀಲಿ ಅಂತ?"

"ಅವಳೇನು ಹೇಳ್ತಾಳೆ? ಐಯಾಮ್ ಫೈನ್ ಅಂತಾಳೆ, ರೂಮಿನ ಬಾಗಿಲು ಹಾಕ್ಕೋತಾಳೆ. ಭಾನುವಾರ ಬಂದ್ರೆ ತಿಂಡಿ ಬಾಯಿಗಿಡಲ್ಲ. ನೀವು ತೆಗೆದ್ರೆ ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡು ಸುಮ್ಮನಾಗ್ತಾಳೆ. ಈಗ ತನ್ನ ಮೇಲೇ ಮಾಡ್ಕೊಂಡಿದಾಳೆ."

"ಇನ್ನೊಂದೇ ಮ್ಯಾಚ್ ಇಂದುಮತಿ."

"ನಿಮಗೆ ಒಂದೇ ಮ್ಯಾಚ್" ಎಂದು ಅವಳು ಕಾರು ಹತ್ತಿದಳು.

ಮನೆಗೆ ಬಂದವನು ಬಟ್ಟೆ ಬದಲಿಸದೆ ಅಡುಗೆಮನೆಯಲ್ಲಿ ನಿಂತಿದ್ದ. ಹುಡುಗಿಯನ್ನು ಹಿಡಿದಿಟ್ಟಿರುವುದು ಅವಳಿಗಾಗಿಯೋ ತನಗಾಗಿಯೋ ಎಂದು ಕೇಳಿಕೊಂಡ. ಆಮೇಲೆ ನಲ್ಲಿಯ ಕೆಳಗೆ ತಟ್ಟೆ ಹಿಡಿದ. ಮರುದಿನ ಕೆಲಸದ ನಡುವೆ ಸೂಟನ್ನು ಇಸ್ತ್ರಿಗೆ ಕೊಟ್ಟು, ತಂದು, ಬಾಗಿಲ ಹಿಂದೆ ನೇತುಹಾಕಿದ.

ಶನಿವಾರ ಇನ್ನೂ ಬೆಳಕು ಹರಿಯುವ ಮುಂಚೆ ಎದ್ದು, ಬ್ರಿಸ್ಬೇನಿನಲ್ಲಿ ಗ್ರೇಸ್ ಕಾಫಿ ಇಡುವ ಹೊತ್ತಾಗಲಿ ಎಂದು ಕಾದು ಫೋನ್ ಮಾಡಿದ.

"ಏರ್‌ಪೋರ್ಟಿಗೆ ಹೊರಟ್ರಾ?"

"ಇಲ್ಲ."

ಆ ಕಡೆ ಪಾತ್ರೆಯ ಸದ್ದು ನಿಂತಿತು. "ಮ್ಯಾಚ್" ಎಂದಳು ಗ್ರೇಸ್. ಅದು ಪ್ರಶ್ನೆಯಾಗಿರಲಿಲ್ಲ.

"ನಾನಿಲ್ದಿದ್ರೆ ಆ ಹುಡುಗೀನ ಕೂರಿಸ್ಬಿಡ್ತಾರೆ. ಒಂದ್ಸಲ ಹೀಗೆ ಕೂತ್ರೆ ಅವಳು ಮತ್ತೆ ಏಳಲ್ಲ ಗ್ರೇಸಿ. ಕೀಪರ್‌ಗಳ ವಿಷಯ ನಂಗೊತ್ತು."

"ಏಳದಿದ್ರೆ ಏನಾಗತ್ತೆ? ಓದ್ಕೋತಾಳೆ, ಕೆಲಸಕ್ಕೆ ಸೇರ್ತಾಳೆ, ಮದುವೆ ಆಗ್ತಾಳೆ. ಎಲ್ಲರೂ ಮಾಡೋದೇ ತಾನೇ."

ಕ್ಲಾರೆನ್ಸ್ ಬಾಗಿಲ ಹಿಂದೆ ನೇತಾಡುತ್ತಿದ್ದ ಸೂಟಿನ ಕಡೆ ನೋಡಿದ.

"ನಿಮ್ಮ ಮಗಳಿಗೆ ನೀವೇ ಹೇಳಿ. ನಾನು ಹೇಳಲ್ಲ" ಎಂದು ಗ್ರೇಸ್ ಫೋನನ್ನು ಒಳಗೆ ಕೊಟ್ಟಳು.

ಜಾಯ್ಲಿನ್ ಜಗಳವಾಡುತ್ತಾಳೆ ಎಂದುಕೊಂಡಿದ್ದ. ಅವಳು ಆಡಲಿಲ್ಲ. ನಿದ್ದೆಗೆಟ್ಟ ದನಿಯಲ್ಲಿ, "ಇಟ್ಸ್ ಓಕೆ ಡ್ಯಾಡಿ. ಗಾಡ್‌ಫಾದರ್ ಬರಕ್ಕಾಗದಿದ್ರೆ ಪ್ರಾಕ್ಸಿ ನಿಲ್ಲಿಸಬಹುದು ಅಂತ ಫಾದರ್ ಹೇಳಿದ್ರು. ಜೇಸನ್ ತನ್ನ ಫ್ರೆಂಡ್ ಮೆಲ್ವಿನ್‌ನ ಕೇಳ್ತಾನೆ" ಎಂದಳು.

"ಪ್ರಾಕ್ಸಿ ಅಂದ್ರೆ?"

"ನಿಮ್ಮ ಬದಲಿಗೆ ಅವನು ನಿಲ್ಲೋದು. ರಿಜಿಸ್ಟರಲ್ಲಿ ಹೆಸರು ನಿಮ್ಮದೇ ಬರತ್ತೆ." ಫೋನ್ ಇಡುವ ಮುಂಚೆ, "ಗೆಲ್ಲಿ" ಎಂದಳು.

ಭಾನುವಾರ ಮೈದಾನಕ್ಕೆ ಮೊದಲು ಬಂದವನು ಅವನೇ. ಬಲೆಗಳನ್ನು ಕಟ್ಟಿದ, ಮೂಲೆಯ ಬಾವುಟಗಳನ್ನು ನೆಟ್ಟ. ಕ್ರೇಗ್ ಬಂದು ಅವನನ್ನು ಕಂಡು, "ಹೋಗ್ಲಿಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಲೆ ಆಡಿಸುತ್ತ ಹೋದ. ಅದಿತಿ ಬಂದವಳು ಬ್ಯಾಗು ಕೆಳಗಿಟ್ಟು ಹತ್ತಿರ ಬಂದಳು.

"ಯು ವರ್ ಸಪೋಸ್ಡ್ ಟು ಬಿ ಇನ್ ಬ್ರಿಸ್ಬೇನ್."

"ಫ್ಲೈಟಲ್ಲಿ ನಂಗೆ ಕಾಲು ಚಾಚಕ್ಕಾಗಲ್ಲ."

"ಅಂಕಲ್, ಐ ಡಿಡ್‌ನ್ಟ್ ಆಸ್ಕ್ ಯು ಟು ಸ್ಟೇ." ಅವಳ ಮುಖ ಕೆಂಪಾಗಿತ್ತು. ಅದು ಸಿಟ್ಟೇ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

"ನೀನು ಕೇಳ್ಲಿಲ್ಲ. ಹೋಗು, ವಾರ್ಮ್ ಅಪ್ ಮಾಡು."

ಮೊದಲಾರ್ಧದಲ್ಲೇ ಒಂದು ಗೋಲು ಬಿತ್ತು. ಕಾರ್ನರ್ ಕಿಕ್ಕು, ಅವಳೆದುರಿಗೇ ಎದ್ದ ಹುಡುಗಿಯ ತಲೆ, ಗೆರೆಯ ಮೇಲೆ ಅಲುಗಾಡದ ಅದಿತಿ. ಬೇಲಿಯ ಆಚೆ ನಿಂತಿದ್ದ ಇಂದುಮತಿ ಮುಖ ತಿರುಗಿಸಿದಳು. ಬಿಡುವಿನಲ್ಲಿ ಕ್ರೇಗ್ ಕಿತ್ತಳೆ ಹೋಳುಗಳ ಡಬ್ಬಿ ಹಿಡಿದು ತಿರುಗಿದ. ಮೆಗನ್ ತಾನಾಗಿ ಜಾಕೆಟ್ ಬಿಚ್ಚಿ ನಿಂತಿದ್ದಳು. ಕ್ಲಾರೆನ್ಸ್ ಅವಳ ಹೆಗಲು ತಟ್ಟಿ, "ಹಾಕ್ಕೋ, ಚಳಿ ಇದೆ" ಎಂದ.

ಎರಡನೆಯ ಅರ್ಧದಲ್ಲಿ ಅವರ ಹುಡುಗಿಯರೂ ಒಂದು ಗೋಲು ಹೊಡೆದರು. ಸರಿಸಮ ಉಳಿದರೂ ಸಾಕಿತ್ತು, ಡಿವಿಷನ್ ಉಳಿಯುತ್ತಿತ್ತು. ಆಟ ಮುಗಿಯುತ್ತ ಬಂದಾಗ ಎಡಮೂಲೆಯಿಂದ ಮತ್ತೊಂದು ಕಾರ್ನರ್. ಚೆಂಡು ಎದ್ದು, ಗಾಳಿಗೆ ವಾಲಿ, ಗುಂಪಿನ ಮೇಲೆ ತೇಲಿ ಬಂತು. ಎಲ್ಲರ ಕಣ್ಣೂ ಚೆಂಡಿನ ಮೇಲಿದ್ದವು. ಕ್ಲಾರೆನ್ಸ್ ಮಾತ್ರ ಅವಳ ಕಾಲುಗಳನ್ನು ನೋಡುತ್ತಿದ್ದ. ಬಲಗಾಲು ಎದ್ದಿತು. ಮರುಗಳಿಗೆ ಅವಳು ಗೆರೆ ಬಿಟ್ಟು, ಇಬ್ಬರನ್ನು ಹೆಗಲಿನಿಂದ ನೂಕಿಕೊಂಡು, ಏನೋ ಕೂಗುತ್ತ ಮೇಲಕ್ಕೆ ಹಾರಿದ್ದಳು. ಮುಷ್ಟಿ ಚೆಂಡಿಗೆ ತಾಗಿತು. ಆದರೆ ಸರಿಯಾಗಿ ತಾಗಲಿಲ್ಲ. ಚೆಂಡು ದೂರ ಹೋಗದೆ ಅಲ್ಲೇ ಬಿದ್ದು, ಎದುರಾಳಿಯೊಬ್ಬಳ ಕಾಲಿಗೆ ಸಿಕ್ಕಿ, ಖಾಲಿ ಗೋಲಿನೊಳಕ್ಕೆ ಉರುಳಿತು.

ಕ್ರೇಗ್ ನೀರಿನ ಬಾಟಲಿಯನ್ನು ನೆಲಕ್ಕೆ ಒಗೆದ. ಬೆಂಚಿನ ಹುಡುಗಿಯರು ತಲೆ ತಗ್ಗಿಸಿದರು. ಇಡೀ ಮೈದಾನದ ಆ ಬದಿಯಲ್ಲಿ ಚಪ್ಪಾಳೆ ತಟ್ಟುತ್ತಿದ್ದವನು ಕ್ಲಾರೆನ್ಸ್ ಒಬ್ಬನೇ. ಎದುರು ತಂಡದ ತಂದೆಯೊಬ್ಬ ಅವನನ್ನು ತಮ್ಮವನೆಂದು ತಿಳಿದು ಹೆಬ್ಬೆರಳು ತೋರಿಸಿದ.

ಎರಡು–ಒಂದಕ್ಕೆ ಸೋತರು. ಕೈ ಕುಲುಕುವ ಶಾಸ್ತ್ರ ಮುಗಿದು ಕಾರುಗಳು ಹೊರಡತೊಡಗಿದವು. "ಮೆಗನ್ ಆಗಿದ್ರೆ ಅದನ್ನ ಹಿಡೀತಿದ್ಲು" ಎಂದ ಕ್ರೇಗ್. "ಹಿಡೀತಿದ್ಲು" ಎಂದು ಕ್ಲಾರೆನ್ಸ್ ಒಪ್ಪಿಕೊಂಡ.

ಅದಿತಿ ಕೊನೆಯಲ್ಲಿ ಬಂದಳು. ಹುಬ್ಬಿನ ಮೇಲೆ ಯಾರದೋ ಮೊಣಕೈ ತಾಗಿ ಊದಿಕೊಂಡಿತ್ತು. ಅಳುತ್ತಿರಲಿಲ್ಲ.

"ಐ ವೆಂಟ್ ಫಾರ್ ಇಟ್, ಅಂಕಲ್."

"ನೋಡ್ದೆ."

"ಡ್ರಾಪ್ಡ್ ಇಟ್."

"ಅದನ್ನೂ ನೋಡ್ದೆ. ಅದಕ್ಕೆ ಔಷಧಿ ಇದೆ, ಮಂಗಳವಾರ ಬಾ."

"ಸೀಸನ್ ಮುಗೀತಲ್ಲ" ಎಂದಳು ಅವಳು, ಕನ್ನಡದಲ್ಲಿ. ಆಮೇಲೆ ತಾಯಿ ಹಾರ್ನ್ ಮಾಡಿದಳೆಂದು ಓಡಿದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಬಲೆಗಳನ್ನು ಬಿಚ್ಚುವುದು ಆತಿಥೇಯ ತಂಡದ ಕೆಲಸ. ಅಂದು ಯಾರೂ ಉಳಿದಿರಲಿಲ್ಲ. ಕ್ಲಾರೆನ್ಸ್ ಒಂದು ಕಂಬದ ಕೊಕ್ಕೆಗಳನ್ನೆಲ್ಲ ಬಿಡಿಸಿ, ಜೇಬಿನಲ್ಲಿ ನಡುಗಿದ ಫೋನನ್ನು ತೆಗೆದು ನೋಡಿದ. ಜಾಯ್ಲಿನ್ ಒಂದೇ ಒಂದು ಚಿತ್ರ ಕಳಿಸಿದ್ದಳು. ಬಿಳಿ ಉಡುಪಿನಲ್ಲಿ ಬಾಯಿ ತೆರೆದು ಅಳುವ ಮಗು, ಅದರ ಪಕ್ಕದಲ್ಲಿ ಉರಿಯುವ ಬತ್ತಿ ಹಿಡಿದು ಬೆಪ್ಪಾಗಿ ನಗುತ್ತಿರುವ ಪರಿಚಯವಿಲ್ಲದ ಯುವಕ, ಅವನ ಹಿಂದೆ ಗ್ರೇಸ್. ಅವಳು ಕ್ಯಾಮೆರಾ ನೋಡದೆ ಬತ್ತಿಯನ್ನೇ ನೋಡುತ್ತಿದ್ದಳು.

ಅವನು ಇನ್ನೊಂದು ಕಂಬಕ್ಕೆ ಹೋಗಿ ಉಳಿದ ಕೊಕ್ಕೆಗಳನ್ನು ಬಿಡಿಸಿದ. ಇಬ್ಬರು ಹಿಡಿದು ಮಡಿಸಬೇಕಾದ ಬಲೆಯನ್ನು ನೆಲಕ್ಕೆ ಹಾಸಿ, ಮೊಣಕಾಲೂರಿ, ಒಬ್ಬನೇ ಸುತ್ತಿದ.

ಮಸ್ಕತ್ತಿನಲ್ಲಿ ಕೊಟ್ಟಿದ್ದ ಮಾತನ್ನು ಕ್ಲಾರೆನ್ಸ್ ಮುರಿದಿದ್ದ.