ಮುಯ್ಯಾಳಿನ ಒಂದು ಗಂಟೆ

ಪುಷ್ಯದ ಚಳಿ ಇನ್ನೂ ಬಿಟ್ಟಿರಲಿಲ್ಲ. ಅಲ್ಲಾಳಸಂದ್ರದ ಹಳೆಯ ಬೀದಿಯಲ್ಲಿ ಯಾವ ಮನೆಯ ಮುಂದೆ ನಿಂತರೂ ಅವರೆಕಾಯಿಯ ಸೊಗಡು ಮೂಗಿಗೆ ಬಡಿಯುತ್ತಿತ್ತು. ಬೆಳಿಗ್ಗೆ ಆರಕ್ಕೇ ಅಂಗಳದಲ್ಲಿ ಎರಡು ಮೂಟೆ ಕಾಯಿ ಸುರಿಸಿಕೊಂಡು ಕೂತ ಅಕ್ಕಯ್ಯಮ್ಮ ಹತ್ತೂವರೆಯ ಹೊತ್ತಿಗೆ ಒಂದನ್ನು ಬಿಡಿಸಿ ಮುಗಿಸಿದ್ದಳು. ಹಿಂದಿನ ದಿನ ನೆನೆಹಾಕಿದ ಕಾಳನ್ನು ಪಕ್ಕದ ಮನೆಯ ಇಬ್ಬರು ಹೆಂಗಸರು ಹಿತುಕುತ್ತಿದ್ದರು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಚಂಗನೆ ಹಾರಿ ಸ್ಟೀಲ್ ಬೇಸಿನ್ನಿಗೆ ಬೀಳುತ್ತಿತ್ತು. ಈ ಹೆಂಗಸರಿಗೆ ಕೂಲಿಯಿಲ್ಲ. ಇವತ್ತು ಅವರು ಇಲ್ಲಿಗೆ ಬಂದರೆ ನಾಳೆ ಅವರ ಮನೆಯ ಮೂಟೆಗೆ ಅಕ್ಕಯ್ಯಮ್ಮ ಹೋಗಬೇಕು. ಹೊಲಗಳೆಲ್ಲ ಅಪಾರ್ಟ್‌ಮೆಂಟುಗಳ ಕೆಳಗೆ ಹೋಗಿ ಹತ್ತು ವರ್ಷವಾದರೂ ಈ ಮುಯ್ಯಾಳಿನ ಲೆಕ್ಕ ಮಾತ್ರ ಬೀದಿಯಲ್ಲಿ ತಪ್ಪಿರಲಿಲ್ಲ.

ಒಳಕೋಣೆಯಲ್ಲಿ ಸೊಸೆ ಶಿಲ್ಪ ಹೊಲಿಗೆ ಮೆಷಿನ್ನಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಹಿಂದೆ ಕಾಣುವ ಬಟ್ಟೆಯ ರಾಶಿಯ ಮೇಲೆ ಒಂದು ದುಪ್ಪಟಿ ಹೊದಿಸುತ್ತಿದ್ದಳು. ಎಂಟು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಮೇಲೆ ಆಪ್ತ ಸಮಾಲೋಚನೆಯ ಡಿಪ್ಲೊಮಾಕ್ಕೆ ಸೇರಿದ್ದಳು. ಓದು, ಪರೀಕ್ಷೆ ಎಲ್ಲ ಮುಗಿದು ಉಳಿದದ್ದು ಅರವತ್ತು ಗಂಟೆಯ ಅಭ್ಯಾಸ. ದೂರದ ತಾಲ್ಲೂಕುಗಳ ಆರೋಗ್ಯ ಉಪಕೇಂದ್ರಗಳಿಗೆ ಒಂದು ಸಂಸ್ಥೆ ಟ್ಯಾಬ್ ಕೊಟ್ಟಿತ್ತು. ಅಲ್ಲಿಗೆ ಬಂದು ಕೂತವರ ಮಾತನ್ನು ಇಲ್ಲಿಂದ ವಿಡಿಯೊದಲ್ಲಿ ಕೇಳಬೇಕು. ನಲವತ್ತೈದು ನಿಮಿಷ ದಾಟಿದರೆ ಮಾತ್ರ ಅದು ಒಂದು ಗಂಟೆ. ಐವತ್ತೊಂಬತ್ತು ಆಗಿತ್ತು. ಪಟ್ಟಿ ಕೊಡಲು ಇವತ್ತೇ ಕಡೆ, ಸಂಜೆ ಐದರೊಳಗೆ. ತಪ್ಪಿದರೆ ಜುಲೈ ಬ್ಯಾಚು. ವಿದ್ಯಾರಣ್ಯಪುರದ ಶಾಲೆಯೊಂದರಲ್ಲಿ ಫೆಬ್ರವರಿ ಒಂದರಿಂದ ಸಮಾಲೋಚಕಿಯ ಕೆಲಸ ಇವಳಿಗೆಂದು ಕಾದಿತ್ತು. ಜುಲೈವರೆಗೆ ಅದೇನೂ ಕಾಯುವುದಿಲ್ಲ.

ಉಳಿದವರ ಸರದಿಯೆಲ್ಲ ಒಂದೊಂದಾಗಿ ಮುಗಿದು, ಇವತ್ತು ಮಾತಿಗೆ ಸಿಕ್ಕವಳು ರಾಣಿ ಒಬ್ಬಳೇ. ಮೂರು ವಾರದಿಂದ ರಾಣಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂತವಳಲ್ಲ.

ಶಿಲ್ಪ ಅಂಗಳಕ್ಕೆ ಬಂದು, "ಅತ್ತೆ, ಹನ್ನೊಂದರಿಂದ ಹನ್ನೆರಡರ ತನಕ ಬಾಗ್ಲು ತೆಗೀಬೇಡಿ" ಎಂದಳು.

"ನಾನ್ಯಾಕವ್ವ ತೆಗೀಲಿ. ಅವತ್ತು ಉಪ್ಪಿನ ಡಬ್ಬಿಗೆ ಬಂದಿದ್ದಕ್ಕೇ ಕಳ್ಳೀನ ನೋಡ್ದಂಗೆ ನೋಡ್ದೆ" ಎಂದಳು ಅಕ್ಕಯ್ಯಮ್ಮ.

ಹಿತುಕುತ್ತಿದ್ದ ಒಬ್ಬಳು ನಕ್ಕಳು. "ಯಾರ್ದೋ ಕಷ್ಟ ಕೇಳೋಕೆ ಇಷ್ಟು ಬಂದೋಬಸ್ತಾ? ನಮ್ಮತ್ರ ಬಂದಿದ್ರೆ ಕೈ ಕೆಲಸ ಬಿಡ್ದಂಗೆ ಕೇಳ್ತಿದ್ವಿ."

"ಕೇಳಿ ಊರಿಗೆಲ್ಲ ಹೇಳ್ತಿದ್ರಿ" ಎಂದಳು ಶಿಲ್ಪ.

"ಮತ್ತೆ? ಕೇಳಿದ್ದಕ್ಕೆ ಅಷ್ಟಾದ್ರೂ ಕೂಲಿ ಬ್ಯಾಡ್ವಾ?"

ಶಿಲ್ಪಳಿಗೆ ನಗು ಬರಲಿಲ್ಲ. ಬಾಗಿಲು ಹಾಕಿ, ಚಿಲಕ ಎರಡು ಸಲ ಎಳೆದು ನೋಡಿದಳು. ಇಂಟರ್‌ನೆಟ್ ಡಾಂಗಲ್ಲಿನ ದೀಪ ನೀಲಿ ಇತ್ತು. ಕರೆಂಟು ಹೋದರೆ ಬ್ಯಾಟರಿ ಐವತ್ತು ನಿಮಿಷ ಬರುತ್ತದೆ ಎಂದು ನಿನ್ನೆಯೇ ಗಡಿಯಾರ ಇಟ್ಟು ನೋಡಿಕೊಂಡಿದ್ದಳು.

ಹನ್ನೊಂದಕ್ಕೆ ಐದು ನಿಮಿಷ ಮೀರಿ ರಾಣಿ ಬಂದಳು. ಟ್ಯಾಬನ್ನು ಯಾವುದೋ ರಿಜಿಸ್ಟರಿಗೆ ಒರಗಿಸಿದ್ದರಿಂದ ಹಣೆಯಿಂದ ಮೂಗಿನವರೆಗಷ್ಟೇ ಕಾಣುತ್ತಿತ್ತು. ಹಿಂದೆ ಲಸಿಕೆಯ ನೀಲಿ ಡಬ್ಬಿ. ಉಪಕೇಂದ್ರದ ನರ್ಸು ಬಾಗಿಲೆಳೆದುಕೊಂಡು ಹೊರಗೆ ಹೋದ ಸದ್ದಾಯಿತು.

"ಹೇಗಿದೀರ ರಾಣಿ?"

"ಚೆನ್ನಾಗಿದೀನಿ ಮೇಡಂ."

"ನಿದ್ದೆ?"

"ಬತ್ತದೆ. ಸ್ವಲ್ಪ ಸ್ವಲ್ಪ."

ಆಮೇಲೆ ಮೌನ. ಮೌನಕ್ಕೆ ಹೆದರಬಾರದೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಶಿಲ್ಪ ಹೆದರದಂತೆ ಕೂತಳು. ಪರದೆಯ ಮೂಲೆಯ ಗಡಿಯಾರ ನಾಲ್ಕು ನಿಮಿಷ ಎಂದಿತು, ಆರು ಎಂದಿತು. ವಾಯುನೆಲೆಯ ವಿಮಾನವೊಂದು ಸೂರಿನ ಮೇಲೇ ಹಾದಂತೆ ಹಾದು, ಅದರ ಮೊರೆತ ಇಳಿಯುವವರೆಗೂ ಇಬ್ಬರೂ ಸುಮ್ಮನಿದ್ದರು.

"ಊಟ ಆಯ್ತಾ ಮೇಡಂ?"

"ಇನ್ನೂ ಇಲ್ಲ. ನಿಮ್ದು?"

"ಆಯ್ತು." ರಾಣಿಯ ಕಣ್ಣು ಬಾಗಿಲ ಕಡೆ ತಿರುಗಿತು. "ನಾನು ಬರ್ಲಾ ಮೇಡಂ?"

ಒಂಬತ್ತು ನಿಮಿಷ. ಶಿಲ್ಪ ಪರದೆಯತ್ತ ಬಾಗಿದಳು. "ಪ್ರತಿ ಸಲ ಬೇಗ ಎದ್ದು ಹೋಗ್ತೀರಲ್ಲ. ಇಲ್ಲಿ ಕೂತ್ಕೊಳ್ಳೋದು ಕಷ್ಟ ಆಗುತ್ತಾ?"

ರಾಣಿ ಕಣ್ಣು ತಗ್ಗಿಸಿದಳು. "ನೀವು ಬಿಟ್ಟಿ ಕೂತು ಕೇಳ್ತೀರ. ನಮ್ಮ ಕಡೆ ಒಂದಾಳು ಬಂದ್ರೆ ಒಂದಾಳು ಓಗ್ಬೇಕು. ನಿಮ್ಮನೆಗೆ ನಾನೆಲ್ಲಿ ಬಂದು ತೀರಿಸ್ಲಿ? ಇರೋ ಬಾಕೀನೇ ಸಾಕಾಗ್ಯದೆ ನಂಗೆ."

ಇದಕ್ಕೆ ಉತ್ತರ ಪುಸ್ತಕದಲ್ಲಿತ್ತು. "ಈ ಸಮಯ ನಿಮ್ಮದು ರಾಣಿ, ನೀವೇನೂ ಕೊಡಬೇಕಿಲ್ಲ" ಎಂದಳು ಶಿಲ್ಪ.

ರಾಣಿ ತಲೆಯಾಡಿಸಿ ಎದ್ದಳು. ಪರದೆಯಲ್ಲಿ ಮುಖ ಹೋಗಿ ಸೆರಗು ಬಂತು.

"ಇದು ಬಿಟ್ಟಿ ಅಲ್ಲ." ಮಾತು ಶಿಲ್ಪಳ ಬಾಯಿಂದ ಜಾರಿತ್ತು. "ನನಗೆ ಅರವತ್ತು ಗಂಟೆ ಬೇಕು. ಐವತ್ತೊಂಬತ್ತಾಗಿದೆ. ನೀವು ಕೂತ್ರೆ ಅರವತ್ತಾಗುತ್ತೆ. ಸಾಯಂಕಾಲ ಐದರೊಳಗೆ ಕೊಡ್ಬೇಕು. ಇಲ್ಲಾಂದ್ರೆ ನಂಗೆ ಕೆಲಸ ಹೋಗುತ್ತೆ."

ಬಂದವರ ಮುಂದೆ ನಿಮ್ಮ ಅಗತ್ಯ ಇಡಬಾರದು, ಇದು ಮೊದಲ ವಾರದ ಮೊದಲ ಪಾಠ.

ಸೆರಗು ನಿಂತಲ್ಲೇ ನಿಂತಿತ್ತು. ಆಮೇಲೆ ಮೆಲ್ಲಗೆ ಕುರ್ಚಿ ಎಳೆದ ಸದ್ದು. ರಾಣಿ ಟ್ಯಾಬನ್ನು ಸರಿಯಾಗಿ ನಿಲ್ಲಿಸಿದಳು. ಮೊದಲ ಸಲ ಅವಳ ಇಡೀ ಮುಖ ಕಂಡಿತು. ಇಪ್ಪತ್ತೈದು ಇಪ್ಪತ್ತಾರರ ಮುಖ.

"ಅಂಗಾದ್ರೆ ನಾನು ನಿಮ್ಗೆ ಆಳು ಬಂದಂಗೆ."

"ಹೂಂ."

"ಮೊದ್ಲೇ ಅನ್ನೋದಲ್ವಾ. ಮೂರು ವಾರ ಸುಮ್ನೆ ನಾಚ್ಕೊಂಡು ಎದ್ದೋದೆ." ರಾಣಿ ಸೆರಗು ಸಿಕ್ಕಿಸಿಕೊಂಡಳು, ಹೊಲಕ್ಕಿಳಿಯುವವಳಂತೆ. "ಆದ್ರೆ ಇದನ್ನ ನೀವು ತೀರಿಸ್ಬೇಕು. ಒಂದು ಗಂಟೆ ನಿಮ್ಮ ಮೇಲಿರ್ತದೆ."

"ತೀರಿಸ್ತೀನಿ."

ಆಮೇಲೆ ರಾಣಿ ಹೇಳಿದಳು. ದೀಪಾವಳಿಯ ನೀರು ತುಂಬುವ ಹಬ್ಬದ ಮಾರನೆಯ ದಿನ, ಸ್ನಾನಕ್ಕೆಂದು ಕಾದ ನೀರಿನ ಬೋಗುಣಿಯನ್ನು ಒಲೆಯಿಂದಿಳಿಸಿ ನಡುಮನೆಯಲ್ಲಿ ಇಟ್ಟು ತಣ್ಣೀರು ತರಲು ಹೋಗಿದ್ದಳು. ವಾರಗಿತ್ತಿಯ ಎರಡು ವರ್ಷದ ಮಗಳು ಅದಕ್ಕೆ ಕೈಹಾಕಿ ಎಳೆದುಕೊಂಡಳು. ಮಗು ಉಳಿಯಿತು, ತೋಳಿನ ಮೇಲೆ ಕಲೆಯೂ ಉಳಿಯಿತು. ಮನೆಯಲ್ಲಿ ಒಬ್ಬರೂ ಒಂದು ಮಾತು ಅನ್ನಲಿಲ್ಲ. ಅಷ್ಟೇ, ಅಂದಿನಿಂದ ಒಲೆಯ ಮುಂದೆ ಅವಳನ್ನು ಬಿಡುವುದಿಲ್ಲ. ಅವಳು ಹೋಗುವ ಮೊದಲೇ ಯಾರಾದರೂ ಎದ್ದು ಸಾರು ಇಳಿಸಿರುತ್ತಾರೆ. ತಟ್ಟೆಗೆ ಬಡಿಸಿ ಕೈಗೆ ಕೊಡುತ್ತಾರೆ.

"ನೆಂಟರಿಗೆ ಕೊಟ್ಟಂಗೆ ಕೊಡ್ತಾರೆ ಮೇಡಂ. ಬೈದಿದ್ರೆ ಆವತ್ತೇ ತೀರೋಗ್ತಿತ್ತು. ನಮ್ಮ ವಾರಗಿತ್ತಿ ನನ್ನ ಕೆನ್ನೆಗೊಂದು ಬಾರಿಸಿದ್ರೆ ಎಷ್ಟೋ ವಾಸಿ ಇತ್ತು. ನಿದ್ದೇಲಿ ಬೋಗುಣಿ ಸದ್ದೇ ಕೇಳ್ತದೆ."

ಶಿಲ್ಪ ಗಡಿಯಾರ ನೋಡುವುದನ್ನು ಮರೆತಿದ್ದಳು. ನೋಡಿದಾಗ ಐವತ್ತೆರಡು ನಿಮಿಷವಾಗಿತ್ತು.

"ಆಯ್ತಾ ಮೇಡಂ ನಿಮ್ಮ ಅರವತ್ತು?" ರಾಣಿ ಕಣ್ಣೊರೆಸಿಕೊಂಡು ಕೇಳಿದಳು. ದನಿಯಲ್ಲಿ ಒಂದು ಬಗೆಯ ನೆಮ್ಮದಿ ಇತ್ತು.

"ಆಯ್ತು" ಎಂದಳು ಶಿಲ್ಪ.

ಮಧ್ಯಾಹ್ನ ಅಕ್ಕಯ್ಯಮ್ಮ ಹಿತುಕಿದ ಬೇಳೆ ಸಾರು, ಮುದ್ದೆ ಇಟ್ಟಳು. ಮುದ್ದೆ ಮುರಿದ ಕೈ ಹಾಗೇ ತಟ್ಟೆಯಲ್ಲಿ ಉಳಿಯಿತು. ಪಟ್ಟಿಯಲ್ಲಿ ಪ್ರತಿ ಗಂಟೆಯ ಕೊನೆಗೂ ಒಂದು ಪ್ರಶ್ನೆಯಿತ್ತು: ನಿಮ್ಮ ಸ್ವಂತ ವಿಚಾರ ಅಥವಾ ಅಗತ್ಯವನ್ನು ಎದುರಿನವರ ಮುಂದೆ ಹೇಳಿದ್ದೀರಾ? ಐವತ್ತೊಂಬತ್ತು ಸಲ ಇಲ್ಲ ಎಂದು ಬರೆದಿದ್ದಳು. ಇನ್ನೊಂದು ಸಲ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ; ರೆಕಾರ್ಡಿಂಗ್‌ಗಳನ್ನು ಹತ್ತಕ್ಕೊಂದರಂತೆ ಕೇಳುತ್ತಾರೆ, ಅಷ್ಟೇ. ಅಳುಕು ಸಿಕ್ಕಿಬೀಳುವುದರದ್ದಲ್ಲ. ಆ ಹುಡುಗಿ ಮೂರು ತಿಂಗಳು ಒಳಗಿಟ್ಟುಕೊಂಡದ್ದನ್ನು ಬಿಚ್ಚಿದ್ದು ತನಗೆ ಹಗುರಾಗಲೆಂದೋ, ಅಥವಾ ಈ ಮೇಡಮ್ಮಿನ ಕೆಲಸ ಉಳಿಯಲೆಂದೋ? ಎಷ್ಟು ತಿರುಗಿಸಿ ನೋಡಿದರೂ ಗೊತ್ತಾಗಲಿಲ್ಲ.

ನಾಲ್ಕೂವರೆಗೆ ಗಂಗಾನಗರದಲ್ಲಿದ್ದ ಮುಸರ್ರತ್ ಮೇಡಂಗೆ ಫೋನ್ ಮಾಡಿದಳು. ಇವಳ ಗಂಟೆಗಳನ್ನು ತಪಾಸಣೆ ಮಾಡಿ ಸಹಿ ಹಾಕುವವರು ಅವರೇ. ಆದದ್ದನ್ನು ಆದಂತೆ ಹೇಳಿದಳು.

ಮೇಡಂ ಸುಮ್ಮನಿರಲಿಲ್ಲ. "ಕಷ್ಟ ಹೇಳ್ಕೊಳ್ಳೋಕೆ ಬಂದವಳ ಹತ್ರ ನೀವು ಬೇಡಿದ್ರಾ ಶಿಲ್ಪ? ನಾಳೆ ಶಾಲೇಲಿ ಮಕ್ಕಳ ಹತ್ರಾನೂ ಹೀಗೇ ಕೇಳ್ತೀರ? ನನಗೆ ಬೇರೆಯವರ ಬಗ್ಗೆ ಭಯ ಇತ್ತು, ನಿಮ್ಮ ಬಗ್ಗೆ ಇರ್ಲಿಲ್ಲ." ಹತ್ತು ನಿಮಿಷ ಬೈದರು. ಶಿಲ್ಪ ಗೋಡೆಗೆ ಒರಗಿ ಕೇಳಿದಳು. ಬೈಗುಳ ಮುಗಿಯುವ ಹೊತ್ತಿಗೆ ಬೆಳಿಗ್ಗೆಯಿಂದ ಬಿಗಿದಿದ್ದ ಭುಜ ಸ್ವಲ್ಪ ಸಡಿಲವಾಗಿತ್ತು.

"ಆ ಗಂಟೆ ಎಣಿಸೋಕಾಗಲ್ಲ."

"ಗೊತ್ತು ಮೇಡಂ."

"ಜುಲೈ ಅಂದ್ರೆ ಜುಲೈ. ಆ ಹುಡುಗಿಗೆ ಬೇರೆ ಯಾರನ್ನಾದ್ರೂ ಹಾಕ್ತೀನಿ."

"ಬೇಡ ಮೇಡಂ. ಮುಂದಿನ ಗುರುವಾರ ನಾನೇ ಕೂರ್ತೀನಿ. ಲೆಕ್ಕಕ್ಕೆ ಹಿಡೀಬೇಡಿ."

"ನಾನೂ ಜೊತೆಗಿರ್ತೀನಿ, ಅವಳು ಒಪ್ಪಿದ್ರೆ. ಆದ್ರೆ ಅವಳಿಗೆ ಏನ್ ಹೇಳ್ತೀರ, ಗಂಟೆ ಸಿಕ್ತು ಅಂತಾನಾ, ಸಿಗ್ಲಿಲ್ಲ ಅಂತಾನಾ?"

ಸಿಗಲಿಲ್ಲವೆಂದರೆ ರಾಣಿಯ ತಲೆಯ ಮೇಲೆ ಇನ್ನೊಂದು ಬಾಕಿ. ಸಿಕ್ಕಿತೆಂದರೆ ಸುಳ್ಳು. "ಗೊತ್ತಿಲ್ಲ ಮೇಡಂ" ಎಂದಳು ಶಿಲ್ಪ.

"ಗುರುವಾರದೊಳಗೆ ಗೊತ್ಮಾಡ್ಕೊಳ್ಳಿ" ಎಂದು ಮೇಡಂ ಫೋನಿಟ್ಟರು.

ಪಟ್ಟಿಯಲ್ಲಿ ಐವತ್ತೊಂಬತ್ತು ಎಂದೇ ಬರೆದು ಕಳಿಸಿ, ಶಿಲ್ಪ ಅಂಗಳಕ್ಕೆ ಬಂದಳು. ಹೆಂಗಸರು ಮನೆಗೆ ಹೋಗಿದ್ದರು. ಅಕ್ಕಯ್ಯಮ್ಮ ಒಬ್ಬಳೇ ಕೊನೆಯ ಬೇಸಿನ್ನಿನ ಮುಂದೆ ಕೂತಿದ್ದಳು.

"ಮುಗೀತೇನವ್ವ ನಿನ್ನ ಅರವತ್ತು?"

"ಇಲ್ಲ. ಒಂದು ಬಾಕಿ ಬಿತ್ತು."

"ಯಾರ ಮೇಲೆ?"

"ನನ್ನ ಮೇಲೆ."

ಅಕ್ಕಯ್ಯಮ್ಮ ಮತ್ತೇನೂ ಕೇಳದೆ ಬೇಸಿನ್ನನ್ನು ಸೊಸೆಯ ಕಡೆ ಸರಿಸಿದಳು. ನೆನೆದ ಕಾಳು ತಣ್ಣಗಿತ್ತು. ಗುರುವಾರಕ್ಕೆ ಏಳು ದಿನವಿತ್ತು. ಶಿಲ್ಪ ಒಂದು ಕಾಳನ್ನು ಬೆರಳ ನಡುವೆ ಇಟ್ಟು ಒತ್ತಿದಳು. ಬೇಳೆ ಚಂಗನೆ ಹಾರಿ ಬೇಸಿನ್ನಿನ ಹೊರಗೆ ಬಿತ್ತು.