ಗುರುಗಳ ಮನೆಮಗಳು

ಮುದುಕಿಯನ್ನು ಎತ್ತುವುದಕ್ಕೂ ಒಂದು ಹದವಿದೆ. ಮೊದಲು ಎಡಗೈಯನ್ನು ಅವಳ ಕುತ್ತಿಗೆಯ ಕೆಳಗೆ ತೂರಿಸಬೇಕು. ಮೊಣಕಾಲನ್ನು ಮಂಚಕ್ಕೆ ಒತ್ತಿ ಹಿಡಿಯಬೇಕು. ಸೊಂಟದ ಕೆಳಗೆ ಬಲಗೈ ಹಾಕಿ, ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಎತ್ತಬೇಕು. ಅರ್ಧದಲ್ಲಿ ಉಸಿರು ಬಿಟ್ಟರೆ ಇಬ್ಬರೂ ನೆಲಕ್ಕೆ. ಉಚ್ಚಂಗಮ್ಮ ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಎಂ.ಎ.ಯಲ್ಲಿ ಮೊದಲ ದರ್ಜೆ ಪಡೆದು, ಪಿಎಚ್.ಡಿ.ಗೆ ಹೆಸರು ಹಚ್ಚಿದ ಮೇಲೆ, ಪ್ರೊಫೆಸರ್ ಗಂಗಾಧರಪ್ಪನವರ ಮನೆಯಲ್ಲಿ ಕಲಿತಳು.

ಅವತ್ತೂ ಬೆಳಿಗ್ಗೆ ಎದ್ದವಳೇ ಮುದುಕಿಯ ಒದ್ದೆ ಸೀರೆ ಬದಲಿಸಿದಳು. ಬಿಸಿನೀರಿಗೆ ಬಟ್ಟೆ ಅದ್ದಿ ಬೆನ್ನು ಒರೆಸಿದಳು. ಮಲಗಿ ಮಲಗಿ ಆಗಿದ್ದ ಹುಣ್ಣಿಗೆ ಪುಡಿ ಉದುರಿಸಿದಳು. ನೆಟ್ಟಗಾಗಲು ನೋಡಿದರೆ ಸೊಂಟ ಹಿಡಿದುಕೊಂಡಿತ್ತು.

"ನೋವೈತೇನೆ?" ಎಂದಳು ದ್ಯಾಮಮ್ಮ. ಪ್ರೊಫೆಸರರ ತಾಯಿ. ಲಕ್ವ ಹೊಡೆದು ಎಡಮೈ ಸತ್ತಿತ್ತು. ಮಾತು ತೊದಲಾದರೂ ಉಳಿದಿತ್ತು.

"ಇಲ್ಲಜ್ಜಿ."

"ಸುಳ್ಳು ಬೊಗಳಬ್ಯಾಡ. ಮಾಡಿ ಸವೆದ ಮೈ ನಂದೂನೂ."

ಮುಂದಿನ ಕೋಣೆಯಲ್ಲಿ ಗಂಗಾಧರಪ್ಪ ಪೇಪರು ಓದುತ್ತ ಕೂತಿದ್ದರು. ಉಚ್ಚಂಗಮ್ಮ ಕೈ ತೊಳೆದುಕೊಂಡು ಹೋಗಿ ಬಾಗಿಲ ಬಳಿ ನಿಂತಳು.

"ಸಾರ್, ಕೊನೇ ಅಧ್ಯಾಯ ನೋಡಿದ್ರಾ?"

"ನೋಡ್ತಾ ಇದೀನಿ ಮಗಳೆ. ಅವಸರ ಮಾಡಿದ್ರೆ ಸಂಶೋಧನೆ ಆಗೋದಿಲ್ಲ."

"ಗಡುವು ಈ ತಿಂಗಳಿಗೆ ಮುಗಿತೈತೆ ಸಾರ್. ಇನ್ನು ಮುಂದಕ್ಕೆ ಹಾಕೋದಿಲ್ಲ ಅಂದಾರೆ ಆಫೀಸ್ನಾಗೆ."

"ಗೊತ್ತಮ್ಮ. ನನ್ನ ಮಗಳನ್ನ ನಾನು ಕೈಬಿಡ್ತೀನಾ?"

ಅವರು ಎಂದೂ ಗದರಿದವರಲ್ಲ. ಗದರಿದ್ದರೆ ಎದುರು ನಿಲ್ಲಲು ಒಂದು ಗೋಡೆಯಾದರೂ ಸಿಗುತ್ತಿತ್ತು.

ಆಕೆ ಹರಿಯಬ್ಬೆ ಕಡೆಯ ಹಟ್ಟಿಯವಳು. ಅಪ್ಪ ರಂಗಪ್ಪ ಕುರಿ ಕಾಯುವವನು. ಚಿತ್ರದುರ್ಗಕ್ಕೆ ಸ್ನಾತಕೋತ್ತರ ಕೇಂದ್ರ ಬಂದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಹಟ್ಟಿಯ ಹೆಂಗಸರು ಮದುವೆಯಲ್ಲಿ, ಬೀಸುವಾಗ, ಮೈನೆರೆದ ಹುಡುಗಿಯನ್ನು ಕೂರಿಸಿದಾಗ ಹಾಡುವ ಪದಗಳ ಮೇಲೆ ಆಕೆ ಪ್ರಬಂಧ ಬರೆಯಬೇಕೆಂದಿದ್ದಳು. ಮೊದಲ ದಿನ ಅಪ್ಪ ಜೊತೆಯಲ್ಲಿ ಬಂದಿದ್ದ. ಹೊಸ ಕರಿ ಕಂಬಳಿಯನ್ನು ಪ್ರೊಫೆಸರರ ಮುಂದಿಟ್ಟು ಕೈ ಮುಗಿದಿದ್ದ.

"ನಮ್ಮ ಹಟ್ಟಿಯಾಗೆ ಇಷ್ಟು ಓದಿರೋಳು ಇವಳೊಬ್ಬಳೇ ಸ್ವಾಮಿ. ನಿಮ್ಮ ಉಡೀಗೆ ಹಾಕೀನಿ."

"ಏಳಪ್ಪ, ಏಳು. ಇನ್ನು ಮೇಲೆ ಇವಳು ನನ್ನ ಮಗಳು," ಎಂದಿದ್ದರು ಗಂಗಾಧರಪ್ಪ.

ಆ ಮಾತಿಗೆ ಅಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಅವಳಿಗೂ ಬಂದಿತ್ತು. ಆ ಮಾತೇ ಹಗ್ಗವಾಗುತ್ತದೆಂದು ಯಾರಿಗೆ ಗೊತ್ತು? ಮೊದಲು "ಒಂದು ದಿನ ಅಮ್ಮನ ಹತ್ರ ಕುಂತಿರು" ಎಂದರು. ಆಮೇಲೆ ವಾರಕ್ಕೊಮ್ಮೆ. ಆಮೇಲೆ "ಹಾಸ್ಟೆಲಲ್ಲಿ ಯಾಕೆ ಕಷ್ಟಪಡ್ತಿ, ಹಿಂದಿನ ರೂಮು ಖಾಲಿ ಐತೆ" ಎಂದರು ಪ್ರೊಫೆಸರರ ಹೆಂಡತಿ ಅನ್ನಪೂರ್ಣಮ್ಮ. ಗಂಟು ಹೊತ್ತು ಬಂದಳು. ಲೈಬ್ರರಿಗೆ ಹೋಗಬೇಕೆಂದರೆ ಮುದುಕಿ ಮಲಗುವುದನ್ನು ಕಾಯಬೇಕಾಯಿತು.

ಬೇರೆ ಮಾರ್ಗದರ್ಶಕರನ್ನು ಕೇಳಿಯೂ ನೋಡಿದ್ದಳು. ಅವರು ತಲೆ ಎತ್ತದೆ, "ಗಂಗಾಧರಪ್ಪನೋರ ಹೊಲದ ಬದು ನಾನು ದಾಟೋದಿಲ್ಲಮ್ಮ. ಅವರು ಒಪ್ಪಿ ಬರೆದುಕೊಟ್ರೆ ಬಾ" ಎಂದಿದ್ದರು. ಯುಗಾದಿಗೆ ಊರಿಗೆ ಹೋದಾಗ ಅಪ್ಪನ ಮುಂದೆ ಅತ್ತಿದ್ದಳು.

"ಗುರುಗಳ ಮನೆ ಕೆಲ್ಸ ಅಂದ್ರೆ ದೇವ್ರ ಕೆಲ್ಸ ಕಣವ್ವ. ನಿಮ್ಮಜ್ಜಿ ಈರಕ್ಕ ಹಾಸಿಗೆ ಹಿಡಿದಾಗ ಮಾಡ್ಲಿಲ್ವ ನೀನು? ಇದೂ ಹಂಗೇ ಅನ್ಕೋ."

ಅಪ್ಪನಿಗೆ ಏನು ಹೇಳುವುದು? ಅಜ್ಜಿಗೆ ಮಾಡಿದ್ದು ಅಜ್ಜಿಯೆಂದು. ಇಲ್ಲಿ ಮಾಡುವುದು ಒಂದು ಸಹಿಗೆಂದು. ಆದರೆ ದ್ಯಾಮಜ್ಜಿಯ ಮೇಲೆ ಬೆಳೆದ ಜೀವ ಮಾತ್ರ ಸುಳ್ಳಲ್ಲ. ಅದೇ ಕಷ್ಟ. ಮಾಡದೆ ಬಿಡೋಣವೆಂದರೆ ಆ ಮುದುಕಿ ಒದ್ದೆಯಲ್ಲೇ ಬಿದ್ದಿರುತ್ತಾಳೆ.

ಅವಳೊಬ್ಬಳೇ ಅಲ್ಲ. ಶ್ರೀರಾಂಪುರದ ಮೂರ್ತಪ್ಪನೂ ಅವರ ಸಂಶೋಧನಾ ವಿದ್ಯಾರ್ಥಿಯೇ. ಅವನ ಪಾಲಿಗೆ ತೋಟದ ಚಾಕರಿ ಬಂದಿತ್ತು. ಪ್ರೊಫೆಸರರ ಅಡಿಕೆಯನ್ನು ಹೊಳಲ್ಕೆರೆ ಮಂಡಿಗೆ ಹಾಕಿಸುವವನು, ಕೂಲಿಯವರನ್ನು ಹುಡುಕಿ ತರುವವನು ಅವನೇ. ಶಾಸನಗಳ ಮೇಲೆ ಬರೆಯುತ್ತಿದ್ದ ಮೂರ್ತಪ್ಪನಿಗೆ ಈಗ ಅಡಿಕೆ ಧಾರಣೆ ಬಾಯಿಪಾಠವಾಗಿತ್ತು.

ಆ ಸಂಜೆ ಗಂಗಾಧರಪ್ಪ ತಾವಾಗಿಯೇ ಅವಳನ್ನು ಕರೆದು ಕೂರಿಸಿದರು.

"ಹುಲಿಗೆಮ್ಮ ಅಂತ, ಸಂಶೋಧನೆಗೆ ಸೇರಿರೋ ಹೊಸ ಹುಡುಗಿ ನಾಳೆ ಬರ್ತಾಳೆ. ಹೊಸದುರ್ಗದ ಕಡೆಯೋಳು. ಹಿಂದಿನ ರೂಮಲ್ಲಿ ನಿನ್ನ ಜೊತೆ ಇರಲಿ. ಅಮ್ಮನ್ನ ನೋಡ್ಕೊಳ್ಳೋದು ಕಲಿಸಿಕೊಡು. ಭಾನುವಾರ ಅಧ್ಯಾಪಕರ ಸಮ್ಮೇಳನ ಐತಲ್ಲ, ಅದು ಮುಗಿದ ಸಂಜೆ ನಿನ್ನ ಪ್ರಬಂಧಕ್ಕೆ ಸಹಿ ಹಾಕ್ತೀನಿ."

"ಖಂಡಿತ ಹಾಕ್ತೀರಾ ಸಾರ್?"

"ಮಗಳಿಗೆ ಸುಳ್ಳು ಹೇಳ್ತಾರೇನಮ್ಮ?"

ಮೊದಲು ಅವಳಿಗೆ ಆದದ್ದು ಸಂತೋಷವೇ. ಅದನ್ನು ಮುಚ್ಚಿಡಬಾರದು. ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಒಬ್ಬಳೇ ನಕ್ಕಳು. ಹಾಸಿಗೆ ಬಿಚ್ಚುವಾಗ ಕೈ ನಿಂತಿತು. ಇನ್ನೊಬ್ಬಳ ಹಾಸಿಗೆಗೆ ಜಾಗ ಮಾಡಬೇಕಿತ್ತು.

ಹುಲಿಗೆಮ್ಮ ತಗಡಿನ ಟ್ರಂಕು ಹಿಡಿದು ಬಂದಳು. ಬಾಯಿ ತುಂಬ ಮಾತು.

"ಅಕ್ಕ, ಸಾರು ಎಷ್ಟು ಒಳ್ಳೇರಲ್ವ? ಹಾಸ್ಟೆಲ್ನಾಗೆ ಸೀಟಿಲ್ಲ ಅಂತ ಅತ್ತೆ. ನೀನು ನನ್ನ ಮಗಳು, ನಮ್ಮನೇಲೇ ಇರು ಅಂದ್ರು! ನಮ್ಮವ್ವ ಅಲ್ಲೇ ಅವ್ರ ಕಾಲಿಗೆ ಬಿದ್ಲು."

ಉಚ್ಚಂಗಮ್ಮ ಟ್ರಂಕನ್ನು ಮೂಲೆಗೆ ಎತ್ತಿಟ್ಟಳು. ಮುದುಕಿಯ ಕೋಣೆಗೆ ಕರೆದುಕೊಂಡು ಹೋದಳು. ಕೈ ಎಲ್ಲಿ ಹಾಕಬೇಕು, ಮೊಣಕಾಲು ಎಲ್ಲಿ ಒತ್ತಬೇಕು ತೋರಿಸಿದಳು. ಹುಡುಗಿ ತುಟಿ ಕಚ್ಚಿಕೊಂಡು ಎತ್ತಿದಳು. "ಸರಿಯಾಯ್ತಾ ಅಕ್ಕ?" ಎಂದು ನಕ್ಕಳು. ದ್ಯಾಮಮ್ಮ ಇಬ್ಬರ ಮುಖವನ್ನೂ ನೋಡಿದಳು. ಆ ಹೊತ್ತು ಗಂಜಿ ಬೇಡವೆಂದಳು.

ಮಾರನೆಯ ದಿನ ಮೂರ್ತಪ್ಪ ತೋಟದ ತೆಂಗಿನಕಾಯಿ ಇಳಿಸಲು ಬಂದಾಗ ಹಿತ್ತಲಲ್ಲಿ ಅವನಿಗೆ ಹೇಳಿದಳು.

"ಆ ಹುಡುಗಿಗೆ ಹೇಳಿಬಿಡಾಣ ಅನಿಸ್ತೈತೆ ಮೂರ್ತಣ್ಣ."

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಹುಚ್ಚಿ ಏನೇ ನೀನು? ನಾಯಿ ಬಾಯಾಗಿಂದ ಬೆರಳು ತಗಂಡ ಮೇಲೆ ನಾಯಿನ ಬೈಬೇಕು. ಭಾನುವಾರದ ತಂಕ ಬಾಯಿ ಮುಚ್ಕೊಂಡಿರು."

"ಅವಳ ಬೆರಳು?"

ಮೂರ್ತಪ್ಪ ಖಾಲಿ ಚೀಲ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟ.

ಭಾನುವಾರ ಬಂತು. ಊರೊಳಗಿನ ಕಲ್ಯಾಣ ಮಂಟಪ ತುಂಬಿತ್ತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಾಲೇಜುಗಳಿಂದ ಮೇಷ್ಟರುಗಳು ಬಂದಿದ್ದರು. 'ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಬಾಂಧವ್ಯ' ಎಂದು ಬಟ್ಟೆಯ ಮೇಲೆ ಬರೆದು ವೇದಿಕೆಯ ಹಿಂದೆ ಕಟ್ಟಿದ್ದರು. ಉಚ್ಚಂಗಮ್ಮನನ್ನು ಗಂಗಾಧರಪ್ಪ ಮುಂದಿನ ಸಾಲಿನಲ್ಲೇ ಕೂರಿಸಿದ್ದರು.

ಅವರು ಮಾತಾಡಲು ನಿಂತರು. ಚೆನ್ನಾಗಿಯೇ ಮಾತಾಡಿದರು. ವಿದ್ಯಾರ್ಥಿಯ ಹೆಸರು ನೆನಪಿಟ್ಟುಕೊಳ್ಳಿ ಎಂದರು. ಅವನು ಹೇಳುವುದನ್ನು ಕಿವಿಗೊಟ್ಟು ಕೇಳಿ ಎಂದರು. ಭಯ ಇದ್ದ ಕಡೆ ವಿದ್ಯೆ ಬೆಳೆಯುವುದಿಲ್ಲ ಎಂದರು. ಮೇಷ್ಟರುಗಳು ತಲೆದೂಗಿದರು. ಆ ಮಾತುಗಳಲ್ಲಿ ಒಂದಾದರೂ ಸುಳ್ಳು ಸಿಕ್ಕೀತೆ ಎಂದು ಹುಡುಕಿದಳು ಉಚ್ಚಂಗಮ್ಮ. ಎಲ್ಲವೂ ನಿಜವೇ.

"ನನಗೆ ಹೆಣ್ಣುಮಕ್ಕಳಿಲ್ಲ," ಎಂದು ಅವರು ಅವಳತ್ತ ಕೈ ಮಾಡಿದರು. "ನೋಡಿ, ಕುರಿಹಟ್ಟಿಯಿಂದ ಬಂದ ಈ ಹುಡುಗಿ ನನ್ನ ಮಗಳು. ಇವತ್ತು ಸಂಜೆ ಇವಳ ಪ್ರಬಂಧಕ್ಕೆ ಸಹಿ ಹಾಕ್ತೀನಿ. ತಂದೆಗೆ ಇದಕ್ಕಿಂತ ಸುಖ ಯಾವುದಿದೆ?"

ಜೋರಾಗಿ ಚಪ್ಪಾಳೆ ಬಿತ್ತು. ಎದ್ದು ನಿಂತು ಕೈ ಮುಗಿಯಬೇಕಾಯಿತು. ಹಿಂದೆ ತಿರುಗಿ ಸಭೆಯನ್ನು ನೋಡಿದಳು. ಕೇಂದ್ರದ ಹುಡುಗ ಹುಡುಗಿಯರೆಲ್ಲ ಕಂಡರು. ಹುಲಿಗೆಮ್ಮ ಕಾಣಲಿಲ್ಲ. ಹೊಸ ಲಂಗ ದಾವಣಿ ಹಾಕಿಕೊಂಡು ಬೆಳಿಗ್ಗೆಯೇ ತಯಾರಾಗಿದ್ದ ಹುಡುಗಿ. "ಇಷ್ಟು ಜನ ದೊಡ್ಡೋರ ಮಾತು ಕೇಳಾದು ಇದೇ ಮೊದ್ಲು ಅಕ್ಕ" ಎಂದಿದ್ದಳು.

ತಾನು ಇಲ್ಲಿ ನಿಂತಿರುವುದು ಅವಳು ಅಲ್ಲಿ ಮುದುಕಿಯ ಹತ್ತಿರ ಕೂತಿರುವುದರಿಂದ. ಉಚ್ಚಂಗಮ್ಮ ಮತ್ತೆ ಕೂರಲಿಲ್ಲ. ಸಾಲು ದಾಟಿ, ಬಾಗಿಲು ದಾಟಿ, ಬಿಸಿಲಿಗಿಳಿದಳು. "ಎಲ್ಲಿಗಮ್ಮ?" ಎಂದು ಯಾರೋ ಕೇಳಿದರು. ನಿಲ್ಲದೆ ನಡೆದಳು. ಆಮೇಲೆ ಓಡಿದಳು.

ಮನೆಯಲ್ಲಿ ಹೂರಣದ ವಾಸನೆ ತುಂಬಿತ್ತು. ಸಮ್ಮೇಳನದ ಅತಿಥಿಗಳಿಗೆ ಮಧ್ಯಾಹ್ನ ಅಲ್ಲೇ ಊಟ. ಮುದುಕಿಯ ಕೋಣೆಯಲ್ಲಿ ಹುಲಿಗೆಮ್ಮ ನೆಲದ ಮೇಲೆ ಕೂತು ಅಳುತ್ತಿದ್ದಳು. ಮುದುಕಿ ಅವಳ ತೊಡೆಯ ಮೇಲೆ ವಾಲಿಕೊಂಡು ಬಿದ್ದಿದ್ದಳು.

"ಉಸಿರು ಬಿಟ್ಬಿಟ್ಟೆ ಅಕ್ಕ. ಇಬ್ರೂ ಬಿದ್ವಿ. ಅಡಿಗೆಮನೇಲಿದ್ದ ಅನ್ನಪೂರ್ಣಮ್ಮಾರ್ನ ಕೂಗ್ದೆ. ಕೈಯೆಲ್ಲ ಹೂರಣ ಆಗೈತೆ, ನೀನೇ ನೋಡ್ಕೊ ಅಂದ್ರು. ಮಣಿಕಟ್ಟು ಅಲ್ಲಾಡಿಸಾಕಾಗ್ತಿಲ್ಲ."

ಇಬ್ಬರೂ ಸೇರಿ ದ್ಯಾಮಮ್ಮನನ್ನು ಮಂಚಕ್ಕೆ ಹಾಕಿದರು. ಮುದುಕಿಗೆ ಪೆಟ್ಟಾಗಿರಲಿಲ್ಲ. ಹುಡುಗಿಯ ಮಣಿಕಟ್ಟು ಊದುತ್ತಿತ್ತು. ಒದ್ದೆ ಬಟ್ಟೆ ಸುತ್ತುತ್ತ ಉಚ್ಚಂಗಮ್ಮ ಹೇಳಿದಳು. ಮೊದಲಿಂದ ಹೇಳಿದಳು. ಅಪ್ಪನ ಕಂಬಳಿ, ಹಾಸ್ಟೆಲು ಬಿಟ್ಟದ್ದು, ಮುಂದಕ್ಕೆ ಹೋದ ಗಡುವು, ತಾನು ಎರಡು ದಿನ ಬಾಯಿ ಮುಚ್ಚಿಕೊಂಡಿದ್ದು.

"ನೀನು ಇಲ್ಲಿರಬ್ಯಾಡ. ಹಾಸ್ಟೆಲ್ನಾಗೆ ನನ್ನ ಗೆಳತೀರ ರೂಮೈತೆ, ನೆಲದ ಮ್ಯಾಲಾದ್ರೂ ಮಲಗು. ಟ್ರಂಕು ತಗ. ಹೋಗಾಣ."

"ನಿಮ್ಮ ಸೈನು ಅಕ್ಕ?"

ಉಚ್ಚಂಗಮ್ಮ ಮಂಚದಲ್ಲಿದ್ದ ಮುದುಕಿಯನ್ನು ನೋಡಿದಳು. ಸೀರೆ ಮತ್ತೆ ಒದ್ದೆಯಾಗಿತ್ತು. ಬಟ್ಟೆ ತರಲು ಹೊರಟವಳ ಕೈಯನ್ನು ದ್ಯಾಮಮ್ಮ ತನ್ನ ಬದುಕಿದ್ದ ಕೈಯಿಂದ ಹಿಡಿದಳು.

"ಬ್ಯಾಡ."

"ಒದ್ದೆ ಆಗೈತಜ್ಜಿ."

"ಆಗ್ಲಿ. ನಾನು ಹೆತ್ತಿರೋನು ಒಬ್ಬ ಅವ್ನೆ. ಅವ್ನು ಬರ್ಲಿ. ನೀನು ಮುಟ್ಟಿದ್ರೆ ನನ್ನಾಣೆ. ನಡೀರೇ ನೀವಿಬ್ರೂ."

ಅವರು ಟ್ರಂಕು, ಗಂಟು ಹೊತ್ತು ಅಂಗಳಕ್ಕೆ ಬರುವ ಹೊತ್ತಿಗೆ ಬಾಗಿಲಲ್ಲಿ ಕಾರು ನಿಂತಿತು. ಗಂಗಾಧರಪ್ಪ ಅತಿಥಿಗಳೊಂದಿಗೆ ಇಳಿದರು. ಕೊರಳಲ್ಲಿ ಇನ್ನೂ ಹಾರವಿತ್ತು. ಒಳಗಿನಿಂದ ಮುದುಕಿ ಕೂಗಿದಳು. ಅಷ್ಟು ದನಿ ಅವಳಲ್ಲಿ ಉಳಿದಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

"ಗಂಗಾಧ್ರಾ! ಬಾರೋ! ಬಂದು ಬಟ್ಟೆ ತೆಗಿ ನಂದು!"

ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಗಂಗಾಧರಪ್ಪ ನಗುತ್ತಲೇ ಉಚ್ಚಂಗಮ್ಮನ ಹತ್ತಿರ ಬಂದರು. ದನಿ ಎಂದಿನ ಹಾಗೆ ಮೆತ್ತಗಿತ್ತು.

"ಗಂಟು ಕೆಳಗಿಡು ಮಗಳೆ. ಅಮ್ಮನ್ನ ನೋಡು ಹೋಗು. ಸಂಜೆ ನಿನ್ನ ಕೆಲಸ ಐತಲ್ಲ."

ಉಚ್ಚಂಗಮ್ಮ ಗಂಟು ಕೆಳಗಿಡಲಿಲ್ಲ.

"ನಾನು ನಿಮ್ಮ ಮಗಳಲ್ಲ ಸಾರ್. ನಿಮ್ಮ ವಿದ್ಯಾರ್ಥಿ. ಪ್ರಬಂಧ ಬರೆದಿದೀನಿ. ಓದಿ. ಚೆನ್ನಾಗಿದ್ರೆ ಸಹಿ ಹಾಕ್ರಿ. ಚೆನ್ನಾಗಿಲ್ದಿದ್ರೆ ಎಲ್ಲಿ ಅಂತ ಹೇಳ್ರಿ, ತಿದ್ತೀನಿ. ನಂಗೂ ನಿಮಗೂ ಇರೋದು ಅಷ್ಟೇ."

ಮುದುಕಿ ಮತ್ತೆ ಕೂಗಿದಳು. ಅನ್ನಪೂರ್ಣಮ್ಮ ಬಟ್ಟೆ ಹಿಡಿದು ಒಳಗೆ ಹೋದವರು ಹಾಗೆಯೇ ಹೊರಗೆ ಬಂದರು. "ಮೈ ಮುಟ್ಟಾಕೆ ಬಿಡ್ತಿಲ್ಲ. ನೀವೇ ಬೇಕಂತೆ." ಗಂಗಾಧರಪ್ಪ ಹಾರ ತೆಗೆದು ಹೆಂಡತಿಯ ಕೈಗಿತ್ತರು. ಯಾರ ಮುಖವನ್ನೂ ನೋಡದೆ ಒಳಗೆ ಹೋದರು. ಒಳಗೆ ಏನೋ ದಪ್ಪೆಂದು ಬಿದ್ದ ಸದ್ದು, ಮುದುಕಿಯ ಬೈಗುಳ ಕೇಳಿಸಿತು. ಹುಡುಗಿಯರು ಅಷ್ಟರಲ್ಲಿ ರಸ್ತೆಗೆ ಬಂದಿದ್ದರು.

ಸಹಿ ಬೀಳಲಿಲ್ಲ. 'ಪ್ರಬಂಧಕ್ಕೆ ಇನ್ನೂ ಆಳ ಬೇಕು' ಎಂದು ಒಂದೇ ಸಾಲು ಬರೆದು ಗಂಗಾಧರಪ್ಪ ಅದನ್ನು ವಾಪಸು ಕಳಿಸಿದರು. ಯಾವ ಪುಟದಲ್ಲಿ ಎಂದು ಬರೆದಿರಲಿಲ್ಲ. ತಿಂಗಳು ಮುಗಿಯಿತು. ಮಾರ್ಗದರ್ಶಕರ ಸಹಿಯಿಲ್ಲದ ಪ್ರಬಂಧ ತೆಗೆದುಕೊಳ್ಳುವುದಿಲ್ಲ ಎಂದು ಆಫೀಸಿನವರು ಅವಳ ಹೆಸರು ಹೊಡೆದು ಹಾಕಿದರು. ಕೇಂದ್ರದ ನಿರ್ದೇಶಕರು, "ಅವರು ನಿನ್ನನ್ನ ಮಗಳು ಅಂತ ಸಭೆಯಲ್ಲೇ ಹೇಳಿದಾರೆ. ಮನೆ ಜಗಳ ಇಲ್ಲಿಗೆ ತರಬೇಡ" ಎಂದರು.

ವಿಷಯ ತಿಳಿದು ರಂಗಪ್ಪ ಓಡಿಬಂದ. ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ಮಗಳ ಮಾತನ್ನೆಲ್ಲ ಕೇಳಿದ.

"ಊರಿಗೆ ಬರ್ತೀಯೇನವ್ವ?"

"ಇಲ್ಲಪ್ಪ. ಬಂದ್ರೆ ಇದು ಮನೆ ಜಗಳ ಅಂತ ಅವ್ರು ಹೇಳಿದ್ದೇ ನಿಜ ಆಗ್ತೈತೆ."

ಮಾರನೆಯ ದಿನ ಉಚ್ಚಂಗಮ್ಮ ಕೇಂದ್ರದ ಆಫೀಸಿನ ಮೆಟ್ಟಿಲ ಮೇಲೆ ಪ್ರಬಂಧ ತೊಡೆಯ ಮೇಲಿಟ್ಟುಕೊಂಡು ಕೂತಳು. ಪಕ್ಕದಲ್ಲಿ ಹುಲಿಗೆಮ್ಮ, ಕೈಗೆ ಪಟ್ಟಿ ಕಟ್ಟಿಕೊಂಡು. ಅವಳಿಗೂ ಬೇರೆ ಮಾರ್ಗದರ್ಶಕರು ಸಿಕ್ಕಿರಲಿಲ್ಲ. ಹೋಗುವವರು ಬರುವವರು ಅವರನ್ನು ಬಳಸಿಕೊಂಡು ನಡೆದರು. ಗಂಗಾಧರಪ್ಪನೂ ಬಂದರು. ಒಂದು ಗಳಿಗೆ ನಿಂತರು. ಗೋಡೆಯ ಪಕ್ಕಕ್ಕೆ ಸರಿದು ಮೆಟ್ಟಿಲು ಹತ್ತಿದರು.

ಮಧ್ಯಾಹ್ನ ಹೊಳಲ್ಕೆರೆ ಬಸ್ಸಿಳಿದು ಮೂರ್ತಪ್ಪ ಬಂದ. ಅವತ್ತು ಮಂಡಿಗೆ ಅಡಿಕೆ ಹೋಗಬೇಕಿತ್ತು. ದೂರದಲ್ಲಿ ನಿಂತು ನೋಡಿದ. ಬೀಡಿ ಹಚ್ಚಿದ. ಅರ್ಧ ಸೇದಿ ಎಸೆದ. ಆಮೇಲೆ ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತ.

"ಅಡಿಕೆ ಮೂರ್ತಣ್ಣ?" ಎಂದಳು ಉಚ್ಚಂಗಮ್ಮ.

"ಅಲ್ಲೇ ಅಂಗಳದಾಗೈತೆ. ಬೇಕಾದೋರು ಹೊತ್ಕೊಂಡು ಹೋಗ್ಲಿ."

ಬೇರೆ ವಿಭಾಗದ ಹುಡುಗಿಯೊಬ್ಬಳು ಬಂದಳು. ತನ್ನ ಮಾರ್ಗದರ್ಶಕರ ಮಕ್ಕಳನ್ನು ಸ್ಕೂಲಿಂದ ಮನೆಗೆ ಬಿಟ್ಟು ಬಂದವಳು. ಏನೂ ಕೇಳದೆ ಕೂತಳು. ಇನ್ನಿಬ್ಬರು ಹುಡುಗರು ಬಂದರು. ಸಂಜೆಯಾಯಿತು. ಜವಾನ ಗುಡ್ಡಪ್ಪ ಬಾಗಿಲಿಗೆ ಬೀಗ ಹಾಕಿ, ಇಳಿಯಲು ದಾರಿಯಿಲ್ಲದೆ ಮೇಲೆಯೇ ನಿಂತ.

"ಡೈರೆಕ್ಟರು ಸಾಹೇಬ್ರು ಹಿಂದಿನ ಬಾಗ್ಲಿಂದ ಹೋಗಿ ಆತು. ಇನ್ನೂ ಎಷ್ಟೊತ್ತು ಕುಂತ್ಕಂತೀರವ್ವ?"

ಉಚ್ಚಂಗಮ್ಮ ಸರಿದು ಅವನಿಗೆ ದಾರಿ ಬಿಟ್ಟಳು.

"ಗೊತ್ತಿಲ್ಲಣ್ಣ. ನಾಳಿಂದ ನಮಗ್ಯಾರಿಗೂ ಮನೆಗೆಲ್ಸ ಇಲ್ಲ."